ಮೂಲಪಾಠ ಮತ್ತು ಮೂತ್ರಪಿಂಡ: ಗೋದಾವರೀ ಸೀಮೆಯ ರೋಗಸಂಶೋಧನೆಯಲ್ಲಿ ಮುಕ್ತ ದತ್ತಾಂಶ

ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಕವಿರಾಜಮಾರ್ಗವು ಗೋದಾವರಿಯನ್ನು ಹೆಸರಿಸಿರುವುದು ಕನ್ನಡದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. ಆ ನದಿ ಹುಟ್ಟುವುದು ನಾಶಿಕ್ ಜಿಲ್ಲೆಯ ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ. ಅಲ್ಲಿಂದ ಪೂರ್ವಕ್ಕೆ ಹರಿದು, ಪೈಠಣದ ಬಳಿ 1976ರಲ್ಲಿ ಲೋಕಾರ್ಪಣೆಗೊಂಡ ಜಾಯಕವಾಡಿ ಅಣೆಕಟ್ಟಿನಲ್ಲಿ ಅದು ನಿಲ್ಲುತ್ತದೆ. ಪೈಠಣವೂ ರಾಷ್ಟ್ರಕೂಟರ ಎಲ್ಲೋರವೂ ಇರುವ ಜಿಲ್ಲೆಗೆ 2023ರವರೆಗೆ ಔರಂಗಾಬಾದ್ ಎಂಬ ಹೆಸರಿತ್ತು. ಈಗ ಅದು ಛತ್ರಪತಿ ಸಂಭಾಜಿನಗರ. 1956ರ ನವೆಂಬರ್ 1ರ ಪುನರ್ವಿಂಗಡಣೆಯವರೆಗೆ ಔರಂಗಾಬಾದ್, ಬೀಡ್, ಪರ್ಭಣಿಗಳೂ ಬೀದರ್, ಕಲಬುರಗಿ, ರಾಯಚೂರುಗಳೂ ಹೈದರಾಬಾದ್ ಎಂಬ ಒಂದೇ ರಾಜ್ಯದ ಜಿಲ್ಲೆಗಳಾಗಿದ್ದವು. ಆಡಳಿತದ ಗೆರೆ ಆ ಮೇಲೆ ಬೇರೆಯಾಯಿತು. ಜನರ ನಡೆದಾಟ ಮಾತ್ರ ನಿಲ್ಲಲಿಲ್ಲ. ಪ್ರತಿ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಬೀಡ್ ಮತ್ತು ಅದರ ಸುತ್ತಲಿನ ಮಳೆಯಿಲ್ಲದ ಊರುಗಳಿಂದ ಕಬ್ಬು ಕಡಿಯುವ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆಗಳ ಕಡೆಗೂ ಹೊರಡುತ್ತಾರೆ.

ಈ ಸೀಮೆಯ ದುಡಿಯುವವರ ಮೂತ್ರಪಿಂಡಗಳ ಸ್ಥಿತಿಯನ್ನು ಅರಿಯುವುದು ಹೇಗೆ ಎಂಬುದು ಮೇಲುನೋಟಕ್ಕೆ ವೈದ್ಯರಿಗೆ ಬಿಟ್ಟ ಪ್ರಶ್ನೆ. ಆದರೆ ಅದರ ಒಳಹೊಕ್ಕು ನೋಡಿದರೆ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ತೀರ ಪರಿಚಿತವಾದ ಪ್ರಶ್ನೆಯೊಂದು ಎದುರಾಗುತ್ತದೆ. ಮೂಲಪಾಠ ಎಲ್ಲಿದೆ? ಅದನ್ನು ನೋಡುವ ಅಧಿಕಾರ ಯಾರಿಗಿದೆ? ಸಂಪಾದಕನು ಮುದ್ರಿಸಿದ ಪಾಠವನ್ನು ಮಾತ್ರ ನಂಬಬೇಕೆ, ಅಥವಾ ಅವನು ನೋಡಿದ ಓಲೆಯನ್ನು ಇತರರೂ ನೋಡಬಹುದೆ? ಇಂದು ವಿಜ್ಞಾನಿಗಳು ಮುಕ್ತ ದತ್ತಾಂಶವೆಂದು ಕರೆಯುತ್ತಿರುವುದರ ತಿರುಳು ಇದೇ ಆಗಿದೆ.

ಮೊದಲು ಮಾತಿನ ವಿಚಾರ. ಕನ್ನಡದ ಪಠ್ಯಪುಸ್ತಕಗಳು ಈ ಅಂಗವನ್ನು ಮೂತ್ರಜನಕಾಂಗವೆಂದೂ ಮೂತ್ರಪಿಂಡವೆಂದೂ ಕರೆದಿವೆ. ಜನರ ಬಾಯಲ್ಲಿ ಅದು ಕಿಡ್ನಿ. ಸಂಸ್ಕೃತದ ಹಳೆಯ ಮಾತು ವೃಕ್ಕ. ಚರಕಸಂಹಿತೆಯು ವೃಕ್ಕಗಳನ್ನು ಮೇದೋವಹ ಸ್ರೋತಸ್ಸುಗಳ ಮೂಲವೆಂದು ಹೇಳುತ್ತದೆ, ಎಂದರೆ ಅವುಗಳ ನಂಟನ್ನು ಮೇದಸ್ಸಿನೊಡನೆ ಕಾಣುತ್ತದೆ. ಆದುದರಿಂದ ಮೂತ್ರಪಿಂಡವೆಂಬುದು ಕೇವಲ ವೃಕ್ಕದ ಪರ್ಯಾಯಪದವಲ್ಲ. ಆಧುನಿಕ ಶರೀರಶಾಸ್ತ್ರದ ಒಂದು ನಿರ್ಣಯವನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟಿದ ಪದ. ಮರಾಠಿಯೂ ಇದೇ ಪದವನ್ನು ಬಳಸುವುದರಿಂದ ಗೋದಾವರಿಯ ಎರಡೂ ಬದಿಯ ಓದುಬರಹ ಬಲ್ಲವರಿಗೆ ಇದು ಒಂದೇ ಮಾತು. ಆದರೂ ಈ ಹೆಸರು ಅಂಗದ ಕೆಲಸವನ್ನು ಕುಗ್ಗಿಸಿ ಹೇಳುತ್ತದೆ. ಒಂದೊಂದು ಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್ ಎಂಬ ಸೂಕ್ಷ್ಮ ಸೋಸುನಾಳಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬಿದ್ದು ಉಳಿದುದೆಲ್ಲ ರಕ್ತಕ್ಕೆ ಮರಳುತ್ತದೆ. ರಕ್ತದ ಒತ್ತಡ, ಲವಣಗಳ ಸಮತೋಲ, ರಕ್ತಕಣಗಳ ಉತ್ಪತ್ತಿ, ಮೂಳೆಯ ಗಟ್ಟಿತನ ಇವೆಲ್ಲವೂ ಈ ಅಂಗವನ್ನು ಅವಲಂಬಿಸಿವೆ. ವಿಸರ್ಜನೆಗಿಂತ ಮರಳಿ ಹೀರಿಕೊಳ್ಳುವುದೇ ಇದರ ದೊಡ್ಡ ಕೆಲಸ.

ಇದರ ದೀರ್ಘಕಾಲದ ಬೇನೆ ಬಹುಮಟ್ಟಿಗೆ ಮೌನವಾಗಿ ಬೆಳೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ನಷ್ಟವಾಗುವವರೆಗೂ ರೋಗಿಗೆ ಏನೂ ತೋರದಿರಬಹುದು. ಕಾಲು ಊದಿ, ಹಸಿವು ಕೆಟ್ಟು, ಉಸಿರು ಕಟ್ಟಿದಾಗ ಆಸ್ಪತ್ರೆಗೆ ಬಂದವನಿಗೆ ಡಯಾಲಿಸಿಸ್ ಅಥವಾ ಕಸಿಯ ಹೊರತು ದಾರಿ ಉಳಿದಿರುವುದಿಲ್ಲ. ಆದಕಾರಣ ಈ ರೋಗವನ್ನು ಮುಂಚಿತವಾಗಿ ಕಾಣಬೇಕಾದರೆ ರಕ್ತದಲ್ಲಿನ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿನ ಆಲ್ಬುಮಿನ್ ಎಂಬ ಎರಡು ಗುರುತುಗಳನ್ನು ಓದಬೇಕು. ಸೋಸುವಿಕೆಯ ವೇಗ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿದ್ದು, ಅಥವಾ ಮೂತ್ರದಲ್ಲಿ ಆಲ್ಬುಮಿನ್ ಹೆಚ್ಚಾಗಿದ್ದು, ಆ ಸ್ಥಿತಿ ಮೂರು ತಿಂಗಳಿಗೂ ಮೀರಿ ಉಳಿದರೆ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ರೋಗವೆನ್ನುತ್ತಾರೆ. ಈ ‘ಮೂರು ತಿಂಗಳು’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಇಲ್ಲೊಂದು ತೊಡಕಿದೆ. ಸೋಸುವಿಕೆಯ ವೇಗವನ್ನು ನೇರವಾಗಿ ಅಳೆಯುವುದು ಕಷ್ಟದ ಹಾಗೂ ವೆಚ್ಚದ ಕೆಲಸ. ಸಾಮಾನ್ಯವಾಗಿ ಅದನ್ನು ಕ್ರಿಯಾಟಿನಿನ್ನಿನ ಪ್ರಮಾಣದಿಂದ ಸೂತ್ರದ ಮೂಲಕ ಊಹಿಸುತ್ತಾರೆ. ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟುವ ಕಸ. ಮೈತುಂಬಿದ ಯುವಕನಲ್ಲಿ ಅದು ಹೆಚ್ಚು, ಬಡಕಲು ಮುದುಕಿಯಲ್ಲಿ ಕಡಿಮೆ. ಡೆಸಿಲೀಟರಿಗೆ 1.2 ಮಿಲಿಗ್ರಾಂ ಎಂಬ ಒಂದೇ ಅಂಕಿ ಇಬ್ಬರ ರಕ್ತದಲ್ಲೂ ಬಂದಿತೆನ್ನೋಣ. 2021ರ ಸೂತ್ರದ ಪ್ರಕಾರ 30 ವರ್ಷದ ಗಂಡಸಿಗೆ ಸೋಸುವಿಕೆ ಸುಮಾರು 83, 65 ವರ್ಷದ ಹೆಂಗಸಿಗೆ ಸುಮಾರು 50. ಎಂದರೆ ಒಂದೇ ಅಕ್ಷರ ಒಂದು ಕಡೆ ಆರೋಗ್ಯವನ್ನೂ ಇನ್ನೊಂದು ಕಡೆ ರೋಗವನ್ನೂ ಸೂಚಿಸುತ್ತದೆ. ಸಂದರ್ಭವನ್ನು ಬಿಟ್ಟು ಪದಕ್ಕೆ ಅರ್ಥವಿಲ್ಲವೆಂದು ಅರ್ಥವಿಚಾರದ ಪಾಠದಲ್ಲಿ ಹೇಳುವುದು ಇಲ್ಲಿಯೂ ಸಲ್ಲುತ್ತದೆ.

ಸೂತ್ರಗಳಿಗೂ ತಮ್ಮದೇ ಆದ ಊರುಗಳಿವೆ. 1976ರಲ್ಲಿ ಬಂದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಸೂತ್ರ ಕೆನಡಾದ 249 ಗಂಡಸರ ಮೇಲೆ ನಿಂತದ್ದು. 1999ರ ಎಂ.ಡಿ.ಆರ್.ಡಿ. ಸೂತ್ರ ಅಮೆರಿಕೆಯ 1628 ರೋಗಿಗಳಿಂದ ಬಂದದ್ದು. ಮೊದಲನೆಯದು ದೇಹದ ತೂಕವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಎರಡನೆಯದು ಹಿಡಿಯುವುದಿಲ್ಲ. ಇವುಗಳನ್ನು ಕರ್ನಾಟಕದ ಹಳ್ಳಿಗೆ ತಂದಾಗ ಏನಾಯಿತೆಂಬುದಕ್ಕೆ 2014ರಲ್ಲಿ ಪ್ರಕಟವಾದ ಶಿವಮೊಗ್ಗ ಸೀಮೆಯ ಅಧ್ಯಯನ ಒಳ್ಳೆಯ ನಿದರ್ಶನ. ಅಲ್ಲಿ 2091 ಮಂದಿ ಗ್ರಾಮೀಣ ವಯಸ್ಕರನ್ನು ಪರೀಕ್ಷಿಸಲಾಯಿತು. ಎಂ.ಡಿ.ಆರ್.ಡಿ. ಸೂತ್ರದಿಂದ ನೋಡಿದರೆ ಅವರಲ್ಲಿ ರೋಗವಿದ್ದವರು ಶೇಕಡಾ 6.3, ತೂಕವನ್ನು ಲೆಕ್ಕಿಸುವ ಹಳೆಯ ಸೂತ್ರದಿಂದ ನೋಡಿದರೆ ಅದೇ ಜನರಲ್ಲಿ ಅದೇ ರಕ್ತದಲ್ಲಿ ಶೇಕಡಾ 16ಕ್ಕೂ ಮೇಲೆ. ಒಂದೇ ಓಲೆಪ್ರತಿಯಿಂದ ಇಬ್ಬರು ಸಂಪಾದಕರು ಎರಡು ಕಾವ್ಯಗಳನ್ನು ತೆಗೆದಂತೆ ಇದು. ಎರಡೂ ಸಂಖ್ಯೆಗಳನ್ನು ಮುಚ್ಚಿಡದೆ ಪಕ್ಕಪಕ್ಕದಲ್ಲಿ ಮುದ್ರಿಸಿದ ಆ ಸಂಶೋಧಕರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಶಿಸ್ತು ಇದೇ.

ಆದರೆ ಅಡಿಟಿಪ್ಪಣಿ ಓಲೆಗೆ ಬದಲಿಯಲ್ಲ. ಶೇಕಡಾವಾರು ಲೆಕ್ಕ ಸಂಪಾದಿತ ಪಾಠ. ಒಬ್ಬೊಬ್ಬರ ವಯಸ್ಸು, ತೂಕ, ಕ್ರಿಯಾಟಿನಿನ್ ಇವು ಮೂಲಪಾಠ. ಮೂಲವು ಉಳಿದು ಇತರರ ಕೈಗೂ ಸಿಕ್ಕರೆ ಮುಂದೆ ಹೊಸ ಸೂತ್ರ ಬಂದಾಗ ಅದನ್ನು ಮತ್ತೆ ಓದಬಹುದು. ಇದು ಬರಿಯ ಆಶಯವಲ್ಲ, ನಡೆದಿರುವ ಸಂಗತಿ. ಅಮೆರಿಕೆಯಲ್ಲಿ ಬಳಕೆಯಲ್ಲಿದ್ದ ಎಂ.ಡಿ.ಆರ್.ಡಿ. ಸೂತ್ರವು ಕಪ್ಪು ಜನರ ಸೋಸುವಿಕೆಯನ್ನು 1.212ರಿಂದ ಗುಣಿಸುತ್ತಿತ್ತು, 2009ರ ಸಿ.ಕೆ.ಡಿ.-ಇ.ಪಿ.ಐ. ಸೂತ್ರದಲ್ಲಿ ಆ ಗುಣಕ 1.159 ಆಯಿತು. ಇದರಿಂದ ಕಪ್ಪು ರೋಗಿಗಳ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿದೆಯೆಂದು ಕಾಗದದಲ್ಲಿ ತೋರಿ, ಕಸಿಯ ಸರದಿಗೆ ಅವರ ಹೆಸರು ತಡವಾಗಿ ಸೇರುತ್ತಿತ್ತು. 2021ರಲ್ಲಿ ಆ ಗುಣಕವನ್ನು ಕಿತ್ತುಹಾಕಿದ ಸೂತ್ರ ಸಿದ್ಧವಾಯಿತು. ಅದನ್ನು ಕಟ್ಟಲು ಹೊಸದಾಗಿ ಯಾರ ರಕ್ತವನ್ನೂ ತೆಗೆಯಲಿಲ್ಲ. ಹಿಂದಿನ 10 ಅಧ್ಯಯನಗಳಲ್ಲಿ ಸೇರಿದ್ದ 8254 ಜನರ ಮೂಲ ಅಂಕಿಗಳನ್ನೇ ಮರಳಿ ಓದಲಾಯಿತು. ಅಂಕಿಗಳು ಕಪಾಟಿನಲ್ಲಿ ಕಳೆದುಹೋಗಿದ್ದರೆ ಆ ಅನ್ಯಾಯವನ್ನು ತಿದ್ದುವ ಕೆಲಸ ಮತ್ತಷ್ಟು ವರ್ಷ ತಡವಾಗುತ್ತಿತ್ತು. ಪಾಕಿಸ್ತಾನದಲ್ಲಿ 2014ರಲ್ಲಿ ದಕ್ಷಿಣ ಏಷ್ಯದ ದೇಹಗಳಿಗೆ ಹೊಂದುವಂತೆ ಸೂತ್ರವನ್ನು ತಿದ್ದಿಕೊಂಡ ಪ್ರಯತ್ನವನ್ನೂ ಇದರ ಜೊತೆಗೆ ನೆನೆಯಬಹುದು. ಸ್ನಾಯು ಕಡಿಮೆ, ಮಾಂಸಾಹಾರ ಕಡಿಮೆ ಇರುವ ಜನರಲ್ಲಿ ಪಶ್ಚಿಮದ ಸೂತ್ರ ರೋಗವನ್ನು ಮರೆಮಾಡುವ ಸಂಭವವಿದೆಯೆಂಬುದು ಅದರ ಹಿಂದಿನ ಕಾಳಜಿ.

ಕನ್ನಡ ಸಂಶೋಧನೆಗೆ ಈ ನೀತಿ ಹೊಸದಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳ ಸಾರಾಂಶವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕನ್ನಡ ಲಿಪಿಯಲ್ಲಿ ಪಾಠವನ್ನೂ ರೋಮನ್ ಲಿಪ್ಯಂತರವನ್ನೂ ಅನುವಾದವನ್ನೂ ಒಟ್ಟಿಗೆ ಅಚ್ಚು ಹಾಕಿಸಿದರು. ಅವರ 1889ರ ಶ್ರವಣಬೆಳಗೊಳ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ 500 ಆದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಮೊದಲ ಪಾಠ ಎಲ್ಲರ ಮುಂದೆ ಇದ್ದುದರಿಂದಲೇ ಎರಡನೆಯದೂ ಮೂರನೆಯದೂ ಸಾಧ್ಯವಾದವು. ನಾಶಿಕದ ಗುಹೆಗಳಲ್ಲಿರುವ ಗೌತಮೀ ಬಲಶ್ರೀಯ ಶಾಸನದ ಕಥೆಯೂ ಹೀಗೆಯೇ. ಭಂಡಾರ್‌ಕರ್, ಭಗವಾನ್‌ಲಾಲ್ ಇಂದ್ರಜಿ, ಬ್ಯೂಲರ್ ಓದಿದುದನ್ನು ಸೆನಾರ್ ಅವರು ಎಪಿಗ್ರಾಫಿಯಾ ಇಂಡಿಕಾದ ಎಂಟನೆಯ ಸಂಪುಟದಲ್ಲಿ ಪಡಿಯಚ್ಚುಗಳ ಸಹಿತ ಮತ್ತೆ ಓದಿದರು. ಒಬ್ಬನ ಓದಿನ ತಪ್ಪನ್ನು ಇನ್ನೊಬ್ಬನು ತಿದ್ದಬಲ್ಲನಾದರೆ ಅದಕ್ಕೆ ಕಾರಣ ಪಡಿಯಚ್ಚು. ರೋಗಸಂಶೋಧನೆಯಲ್ಲಿ ಆ ಪಡಿಯಚ್ಚಿನ ಸ್ಥಾನದಲ್ಲಿರುವುದು ದತ್ತಾಂಶ.

ಜಗತ್ತಿನಲ್ಲಿ ಈಗ ಮೂತ್ರಪಿಂಡಕ್ಕೆ ಸಂಬಂಧಿಸಿದ ದೊಡ್ಡ ದತ್ತಾಂಶ ಭಂಡಾರಗಳು ಹಲವಿವೆ. ಅಮೆರಿಕೆಯ ರಾಷ್ಟ್ರೀಯ ಸಂಸ್ಥೆಯೊಂದು 2017ರಲ್ಲಿ ಆರಂಭಿಸಿದ ಕಿಡ್ನಿ ಪ್ರಿಸಿಶನ್ ಮೆಡಿಸಿನ್ ಪ್ರಾಜೆಕ್ಟ್ ಅವುಗಳಲ್ಲಿ ಗಮನಾರ್ಹವಾದದ್ದು. ರೋಗಿಗಳು ಸ್ವಇಚ್ಛೆಯಿಂದ ಕೊಟ್ಟ ಮೂತ್ರಪಿಂಡದ ಅಣುಗಾತ್ರದ ತುಣುಕುಗಳನ್ನು ಪರೀಕ್ಷಿಸಿ, ಕೋಶ ಕೋಶದಲ್ಲೂ ಯಾವ ಜೀನು ಎಚ್ಚೆತ್ತಿದೆ, ಯಾವುದು ಮಲಗಿದೆ ಎಂಬುದನ್ನು ಗುರುತಿಸಿ ಒಂದು ಭೂಪಟದ ಹಾಗೆ ಅದನ್ನು ಹರಡಿದ್ದಾರೆ. ಸಂಸ್ಕರಿಸಿದ ಮಾಹಿತಿ ಎಲ್ಲರಿಗೂ ತೆರೆದಿದೆ. ವ್ಯಕ್ತಿಯ ಗುರುತು ಬಯಲಾಗಬಹುದಾದ ಜೀನುಪಾಠವನ್ನು ಒಪ್ಪಂದಕ್ಕೆ ಸಹಿ ಹಾಕಿದ ಸಂಶೋಧಕರಿಗೆ ಮಾತ್ರ ಕೊಡುತ್ತಾರೆ. ತುಣುಕು ತೆಗೆಯುವುದರಲ್ಲಿ ರಕ್ತಸ್ರಾವದ ಅಪಾಯವಿದ್ದುದರಿಂದ ರೋಗಿಗಳನ್ನೇ ಯೋಜನೆಯ ಸಮಿತಿಗಳಲ್ಲಿ ಸೇರಿಸಿಕೊಂಡದ್ದು ಇದರ ವಿಶೇಷ. ಆ ಭೂಪಟದಲ್ಲಿ ಅಮೆರಿಕೆಯ ಪಟ್ಟಣಗಳಿವೆ, ಗೋದಾವರಿಯ ಊರುಗಳಿಲ್ಲ. ಭೂಪಟ ಬರೆದವರ ತಪ್ಪು ಇದಲ್ಲ.

ಭಾರತದಿಂದ ಹೊರಟು ಲೋಕಪ್ರಸಿದ್ಧವಾದ ಮೂತ್ರಪಿಂಡದ ದತ್ತಾಂಶ ಯಾವುದೆಂದು ಕೇಳಿದರೆ ಉತ್ತರ ತುಸು ನಗೆ ತರಿಸುವಂಥದು. ತಮಿಳುನಾಡಿನ ಕಾರೈಕ್ಕುಡಿಯ ಬಳಿಯ ಆಸ್ಪತ್ರೆಯೊಂದರಲ್ಲಿ ಸುಮಾರು ಎರಡು ತಿಂಗಳ ಅವಧಿಯಲ್ಲಿ ಸಂಗ್ರಹಿಸಿದ 400 ಜನರ ವಿವರಗಳನ್ನು 2015ರಲ್ಲಿ ಅಮೆರಿಕೆಯ ಇರ್ವಿನ್ ವಿಶ್ವವಿದ್ಯಾಲಯದ ದತ್ತಾಂಶ ಭಂಡಾರಕ್ಕೆ ಕೊಡಲಾಯಿತು. ಅವರಲ್ಲಿ 250 ಮಂದಿ ರೋಗಿಗಳು, 150 ಮಂದಿ ರೋಗವಿಲ್ಲದವರು. ಒಬ್ಬೊಬ್ಬರಿಗೂ ವಯಸ್ಸು, ರಕ್ತದ ಒತ್ತಡ, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಮೊದಲಾದ 24 ಲಕ್ಷಣಗಳು. ಕೊಟ್ಟವರ ಔದಾರ್ಯ ದೊಡ್ಡದು. ಪಡೆದವರ ಬಳಕೆ ಮಾತ್ರ ವಿಚಿತ್ರ. ಗಣಕಯಂತ್ರಕ್ಕೆ ರೋಗನಿರ್ಣಯ ಕಲಿಸುವ ಅಸಂಖ್ಯ ಪ್ರಬಂಧಗಳು ಈ 400 ಸಾಲುಗಳ ಮೇಲೆಯೇ ಹುಟ್ಟಿದವು. ಶೇಕಡಾ 99 ನಿಖರತೆ, ಶೇಕಡಾ 100 ನಿಖರತೆ ಎಂಬ ಉದ್ಘೋಷಗಳು ಬಂದವು. ಆದರೆ 400ರಲ್ಲಿ ಯಾವ ಮನೆಯೂ ಖಾಲಿಯಿಲ್ಲದ ಪೂರ್ಣ ಸಾಲುಗಳು 158 ಮಾತ್ರ. ಅಲ್ಲದೆ ಆಸ್ಪತ್ರೆಗೆ ಬಂದ ರೋಗಿಗೂ ಆರೋಗ್ಯವಂತನಿಗೂ ಇರುವ ಅಂತರ ಅಲ್ಲಿ ಎಷ್ಟು ಸ್ಪಷ್ಟವೆಂದರೆ, ಹಿಮೋಗ್ಲೋಬಿನ್ ಹಾಗೂ ಮೂತ್ರದ ಸಾಂದ್ರತೆಯಿಂದಲೇ ಬಹುಪಾಲು ಜನರನ್ನು ಬೇರ್ಪಡಿಸಬಹುದು. ಅದಕ್ಕೆ ಯಂತ್ರ ಬೇಕಿಲ್ಲ. ನಿಜವಾಗಿ ಕಷ್ಟವಿರುವುದು ಇನ್ನೂ ಆಸ್ಪತ್ರೆಗೆ ಬಾರದವನಲ್ಲಿ, ಮೌನದ ಹಂತದಲ್ಲಿರುವವನಲ್ಲಿ. ಒಂದೇ ಹಸ್ತಪ್ರತಿಯನ್ನು ಹಿಡಿದು ನೂರು ಪಿಎಚ್.ಡಿ. ಪ್ರಬಂಧ ಬರೆದರೆ ಆ ಕವಿಯ ಕಾಲ ನಿರ್ಣಯವಾಗುವುದಿಲ್ಲವೆಂದು ಕನ್ನಡ ವಿಭಾಗಗಳಲ್ಲಿ ಎಲ್ಲರೂ ಬಲ್ಲರು. ಬರೆಯುವುದನ್ನು ನಿಲ್ಲಿಸಿಲ್ಲವೆಂಬುದು ಬೇರೆ ಮಾತು. ತೆರೆದ ದತ್ತಾಂಶ ಇದ್ದರೆ ಸಾಲದು, ಅದು ಯಾರ ದೇಹದಿಂದ, ಯಾವ ಸ್ಥಳದಿಂದ, ಯಾವ ಪರೀಕ್ಷಾವಿಧಾನದಿಂದ ಬಂದಿತೆಂಬ ಪೀಠಿಕೆಯೂ ಅದರ ಜೊತೆಗಿರಬೇಕೆಂಬುದಕ್ಕೆ ಇದು ಸಾಕ್ಷಿ.

ಸಮಗ್ರ ಭಾರತದ ಚಿತ್ರ ಕೊಡುವ ಯತ್ನಗಳೂ ಇವೆ. ಭಾರತೀಯ ಮೂತ್ರಪಿಂಡಶಾಸ್ತ್ರ ಸಂಘವು 2005ರಲ್ಲಿ ಆರಂಭಿಸಿದ ರೋಗಿ ನೋಂದಣಿಯ ಮೊದಲ ವರದಿ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ 52,273 ವಯಸ್ಕ ರೋಗಿಗಳ ವಿವರಗಳಿದ್ದವು. ಅವರ ಪೈಕಿ ಶೇಕಡಾ 31ರಷ್ಟು ಜನರಿಗೆ ಸಕ್ಕರೆ ಕಾಯಿಲೆಯಿಂದ ರೋಗ ಬಂದಿತ್ತು. ಶೇಕಡಾ 16ರಷ್ಟು ಜನರಲ್ಲಿ ಕಾರಣವೇ ತಿಳಿದಿರಲಿಲ್ಲ. ಕಾರಣ ತಿಳಿಯದವರ ಗುಂಪು ಎರಡನೆಯ ಸ್ಥಾನದಲ್ಲಿದ್ದುದು ಗಮನಾರ್ಹ. ಆದರೆ ಇದು ಆಸ್ಪತ್ರೆಯ ಬಾಗಿಲು ತಲುಪಿದವರ ಪಟ್ಟಿ. ಮನೆಮನೆಗೆ ಹೋಗುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಅಳೆಯುತ್ತದೆ, ಕ್ರಿಯಾಟಿನಿನ್ನನ್ನು ಅಳೆದಿಲ್ಲ. 2016ರಿಂದ 2018ರವರೆಗೆ ನಡೆದ ಮಕ್ಕಳ ಸಮಗ್ರ ಪೌಷ್ಟಿಕ ಸಮೀಕ್ಷೆ ಅದನ್ನು ಅಳೆದದ್ದರಿಂದ ದೇಶದ ಮಕ್ಕಳ ಮೂತ್ರಪಿಂಡಗಳ ಬಗೆಗೆ ಆನಂತರ ಬೇರೆ ಸಂಶೋಧಕರು ಬರೆಯಲು ಸಾಧ್ಯವಾಯಿತು. ಪೌಷ್ಟಿಕತೆಗಾಗಿ ಅಳೆದುದು ಬೇರೊಂದು ಶಾಸ್ತ್ರಕ್ಕೆ ಒದಗಿತು. ದಾನಶಾಸನವೊಂದು ಭಾಷಾಚರಿತ್ರೆಗೆ ಒದಗುವಂತೆ.

ಈಗ ಮತ್ತೆ ಗೋದಾವರಿಯ ದಡಕ್ಕೆ ಬರಬಹುದು. ನಾಶಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ರಾಜ್ಯದ ವೈದ್ಯಕೀಯ ಕಾಲೇಜುಗಳು ಅದರ ಸಂಯೋಜನೆಗೆ ಸೇರಿವೆ. 1956ರಲ್ಲಿ ಆರಂಭವಾದ ಸಂಭಾಜಿನಗರದ ಸರಕಾರಿ ವೈದ್ಯಕೀಯ ಕಾಲೇಜೂ ಅವುಗಳಲ್ಲೊಂದು. ಜನ ಈ ಕಾಲೇಜಿನ ಆಸ್ಪತ್ರೆಯನ್ನು ಘಾಟಿ ಎಂದೇ ಕರೆಯುತ್ತಾರೆ. ಮರಾಠವಾಡಾದ ಬಡವರಿಗೆ ಕಟ್ಟಕಡೆಯ ಆಸರೆ ಅದು. ಸ್ನಾತಕೋತ್ತರ ವೈದ್ಯವಿದ್ಯಾರ್ಥಿ ಪದವಿಗಾಗಿ ಒಂದು ಪ್ರಬಂಧ ಬರೆಯಲೇಬೇಕು. ಅದಕ್ಕಾಗಿ ಆತನು ನೂರಾರು ರೋಗಿಗಳ ವಿವರಗಳನ್ನು ವರ್ಷಗಟ್ಟಲೆ ಕೂಡಿಸುತ್ತಾನೆ. ಪ್ರಬಂಧದ ಕೊನೆಯಲ್ಲಿ ಮಾಸ್ಟರ್ ಚಾರ್ಟ್ ಎಂಬ ಉದ್ದನೆಯ ಕೋಷ್ಟಕವಿರುತ್ತದೆ, ಅದೇ ಮೂಲಪಾಠ. ಪರೀಕ್ಷೆ ಮುಗಿದ ಮೇಲೆ ಅದು ಗ್ರಂಥಾಲಯದ ಕಪಾಟನ್ನು ಸೇರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮದಿಂದಾಗಿ ಪಿಎಚ್.ಡಿ. ಮಹಾಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಬಂದು, ಸಂಭಾಜಿನಗರದ ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಪ್ರಬಂಧವನ್ನು ಧಾರವಾಡದಲ್ಲಿ ಕುಳಿತು ಓದುವುದು ಸಾಧ್ಯವಾಯಿತು. ಮಾಸ್ಟರ್ ಚಾರ್ಟುಗಳಿಗೂ ಹೆಸರು ಅಳಿಸಿ ಅಂಥದೊಂದು ಗಂಗೆ ಬೇಕು. ನಾಶಿಕದಂಥ ಒಂದೇ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಇಡೀ ರಾಜ್ಯದ ಪ್ರಬಂಧಗಳು ಸೇರುವುದರಿಂದ ಇದು ಬೇರೆಡೆಗಿಂತ ಅಲ್ಲಿ ಸುಲಭ.

ಕಬ್ಬು ಕಡಿಯುವವರ ಪ್ರಶ್ನೆ ಇದಕ್ಕಿಂತ ತೊಡಕಿನದು. ಮಧ್ಯ ಅಮೆರಿಕೆಯ ಎಲ್ ಸಾಲ್ವಡೋರಿನಿಂದ 2002ರಲ್ಲಿ ಒಂದು ವರದಿ ಬಂದಿತು. ಸಕ್ಕರೆ ಕಾಯಿಲೆಯೂ ಇಲ್ಲದ, ರಕ್ತದೊತ್ತಡವೂ ಇಲ್ಲದ ದುಡಿಯುವ ಗಂಡಸರಿಗೆ ಮೂತ್ರಪಿಂಡ ಸೋಲುತ್ತಿತ್ತು. ನಿಕರಾಗುವಾದ ಕಬ್ಬಿನ ಸೀಮೆಯಲ್ಲಿಯೂ ಅದೇ ಕಥೆ. ಸುಡುಬಿಸಿಲಿನಲ್ಲಿ ಬೆವರಿ, ನೀರು ಕುಡಿಯದೆ, ದಿನದಿನವೂ ಪಿಂಡಕ್ಕೆ ಬೀಳುವ ಸಣ್ಣ ಪೆಟ್ಟುಗಳು ಕೂಡಿ ದೊಡ್ಡ ಗಾಯವಾಗುತ್ತವೆಂಬ ವಿವರಣೆ ಇಂದು ಪ್ರಬಲವಾಗಿದೆ. ನೀರು, ನೆರಳು, ವಿಶ್ರಾಂತಿ ಎಂಬ ಸರಳ ಮದ್ದನ್ನು ಅಲ್ಲಿನ ಗದ್ದೆಗಳಲ್ಲಿ ಪ್ರಯೋಗಿಸಿದ್ದಾರೆ. ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದಲ್ಲಿ, ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ ಕಾರಣ ತಿಳಿಯದ ಇಂಥದೇ ರೋಗವಿದೆ. ಅಲ್ಲಿ ನೀರಿನ ಗುಣ, ಕೀಟನಾಶಕ, ಶಾಖ ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬ ವಾದ ಮುಗಿದಿಲ್ಲ. ಮಹಾರಾಷ್ಟ್ರದಲ್ಲಿಯೇ ಅಕೋಲಾ, ಬುಲ್ಢಾಣಾ ಜಿಲ್ಲೆಗಳ ಖಾರಪಾನ್ ಪಟ್ಟಾ ಎಂಬ ಉಪ್ಪುನೀರಿನ ಸೀಮೆ ಮೂತ್ರಪಿಂಡದ ಬೇನೆಗಾಗಿ ಸುದ್ದಿಯಲ್ಲಿದೆ.

ಹಾಗೆಂದು ನಿಕರಾಗುವಾದ ತೀರ್ಮಾನವನ್ನು ಎತ್ತಿ ಬೀಡಿನ ಮೇಲೆ ಇಡುವುದು ಅವಸರದ ಕೆಲಸ. ಅಲ್ಲಿ ಕಟಾವಿಗೆ ಮುನ್ನ ಕಬ್ಬಿಗೆ ಬೆಂಕಿ ಹಾಕುವುದು ರೂಢಿ, ಕಡಿಯುವವರು ಬಹುಪಾಲು ಗಂಡಸರು. ಇಲ್ಲಿ ಹಸಿ ಕಬ್ಬನ್ನೇ ಹೆಚ್ಚಾಗಿ ಕಡಿಯುತ್ತಾರೆ. ಗಂಡಹೆಂಡಿರ ಜೋಡಿಯನ್ನು ‘ಕೊಯ್ತಾ’ ಎಂದು ಒಂದೇ ಆಳಾಗಿ ಎಣಿಸಿ, ಮುಕಾದಮನು ಮುಂಗಡ ಕೊಟ್ಟು ಕರೆತರುತ್ತಾನೆ. ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರು! ಕಟಾವು ಚಳಿಗಾಲದಲ್ಲಿ ಮೊದಲಾಗಿ ಬೇಸಿಗೆಯ ಬಾಗಿಲಿಗೆ ಮುಗಿಯುತ್ತದೆ. ಆದಕಾರಣ ಅಲ್ಲಿನ ಕಾರಣ ಇಲ್ಲಿಗೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಇಲ್ಲಿನ ಅಂಕಿಗಳಿಂದಲೇ ತಿಳಿಯಬೇಕು. ಎಣಿಸಿದರೆ ಏನು ಬಯಲಾಗುತ್ತದೆಂಬುದಕ್ಕೆ ಇದೇ ಜನರ ನಡುವೆ ಒಂದು ನಿದರ್ಶನವುಂಟು. ಕಬ್ಬು ಕಡಿಯುವ ಹೆಂಗಸರ ಗರ್ಭಕೋಶ ತೆಗೆಯಲಾಗುತ್ತಿದೆಯೆಂಬ ಕೂಗು ಎದ್ದ ಮೇಲೆ 2019ರಲ್ಲಿ ಬೀಡ್ ಜಿಲ್ಲೆಯಲ್ಲಿ 82,309 ಹೆಂಗಸರ ಸಮೀಕ್ಷೆ ನಡೆಯಿತು; 13,861 ಮಂದಿಗೆ ಆ ಶಸ್ತ್ರಚಿಕಿತ್ಸೆಯಾಗಿತ್ತು. ಅದುವರೆಗೆ ಅದು ಗಾಳಿಮಾತು, ಅನಂತರ ವಿಧಾನಮಂಡಲದಲ್ಲಿ ಉತ್ತರಿಸಬೇಕಾದ ಸಂಗತಿ. ಮೂತ್ರಪಿಂಡದ ವಿಷಯದಲ್ಲಿಯೂ ಅಂಥ ಎಣಿಕೆ ಆಗಬೇಕಾಗಿದೆ. ಕಬ್ಬು ಬೆಳೆಯುವ ಗ್ವಾಟೆಮಾಲಾ ದೇಶ ಮುಂದಾಳುತನ ವಹಿಸಿ, 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಮೂತ್ರಪಿಂಡದ ಆರೋಗ್ಯದ ಮೇಲೆ ಪ್ರತ್ಯೇಕ ನಿರ್ಣಯವನ್ನು ಸ್ವೀಕರಿಸಿದೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಮೂಲಪಾಠವನ್ನು ತೆರೆಯಬೇಕೆನ್ನುವಾಗ ಒಂದು ವ್ಯತ್ಯಾಸವನ್ನು ಮರೆಯಬಾರದು. ಶಾಸನದ ಕಲ್ಲಿಗೆ ನಾಚಿಕೆಯಿಲ್ಲ, ಭಯವಿಲ್ಲ, ಮನುಷ್ಯನಿಗಿದೆ. ಹೆಸರು ಅಳಿಸಿದರೂ ಊರು, ವಯಸ್ಸು, ಕಸುಬು ಮೂರೂ ಉಳಿದರೆ ಸಣ್ಣ ಹಳ್ಳಿಯಲ್ಲಿ ಆತ ಯಾರೆಂದು ಗುರುತಿಸುವುದು ಕಷ್ಟವಲ್ಲ. ರೋಗವುಂಟೆಂದು ಮುಕಾದಮನಿಗೆ ತಿಳಿದರೆ ಮುಂದಿನ ವರ್ಷದ ಮುಂಗಡ ಹೋಗಬಹುದು. ಅಲ್ಲದೆ ಕಿಡ್ನಿ ಎಂಬ ಮಾತೇ ಬಡವರಲ್ಲಿ ಬೇರೆ ಭಯವನ್ನು ಹುಟ್ಟಿಸುತ್ತದೆ. ಮೂತ್ರಪಿಂಡದ ಮಾರಾಟವನ್ನು ತಡೆಯಲೆಂದೇ 1994ರ ಅಂಗಾಂಗ ಕಸಿ ಕಾಯಿದೆ ಬಂದಿತೆಂಬುದನ್ನು ನೆನೆದರೆ ಆ ಭಯಕ್ಕೆ ಆಧಾರವಿಲ್ಲವೆನ್ನಲಾಗದು. ರಕ್ತ ತೆಗೆಯಲು ಬಂದವರಿಗೆ ಬಾಗಿಲು ಮುಚ್ಚಿದರೆ ಅದನ್ನು ಅಜ್ಞಾನವೆಂದು ಹಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಅರಿವುಳ್ಳ ಒಪ್ಪಿಗೆಯನ್ನು ಕಡ್ಡಾಯವೆನ್ನುತ್ತದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯಿದೆಯೂ ಆಯಿತು. ಒಪ್ಪಿಗೆಯ ಕಾಗದ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಓದಿದರೆ ತಿಳಿಯುವಂತೆ ಇರಬೇಕೆಂಬುದು ಕಾನೂನಿನ ಮಾತಾಗಿರುವಷ್ಟೇ ಭಾಷೆಯ ಮಾತೂ ಹೌದು. ಇಂಗ್ಲಿಷಿನಿಂದ ಹಿಂಜಿ ತಂದ ಸಂಸ್ಕೃತಪದಗಳ ಸಾಲನ್ನು ಓದಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. ಕನ್ನಡ ವಿಭಾಗಗಳಿಗೆ ಇಲ್ಲಿ ಕೆಲಸವುಂಟು. ವಿಷವೈದ್ಯವನ್ನು ತಿಳಿಗನ್ನಡದಲ್ಲಿ ಹೇಳಹೊರಟ ಖಗೇಂದ್ರಮಣಿದರ್ಪಣದ ಮಂಗರಾಜನ ಪರಂಪರೆಯವರು ಈ ಕೆಲಸವನ್ನು ಹೊರಗಿನದೆಂದು ಭಾವಿಸಬೇಕಾಗಿಲ್ಲ.

ಇನ್ನು ‘ಮೂರು ತಿಂಗಳು’ ಎಂಬ ಮಾತು. ರೋಗ ದೀರ್ಘಕಾಲಿಕವೆಂದು ನಿರ್ಣಯಿಸಲು ಮೊದಲ ಪರೀಕ್ಷೆಯಾಗಿ ಮೂರು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಬೀಡಿನ ಹಳ್ಳಿಯಲ್ಲಿ ಅಕ್ಟೋಬರಿನಲ್ಲಿ ರಕ್ತ ಕೊಟ್ಟವಳು ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿರುತ್ತಾಳೆ. ಮಹಾರಾಷ್ಟ್ರದ ಕಡತದಲ್ಲಿ ಆಕೆ ಮರಳಿ ಬಾರದವಳು, ಕರ್ನಾಟಕದ ಕಡತದಲ್ಲಿ ಮೊದಲ ಬಾರಿಗೆ ಬಂದವಳು. ಎರಡು ಅರ್ಧಗಳೂ ಬೇರೆ ಬೇರೆ ಕಪಾಟಿನಲ್ಲಿ ಉಳಿದು ಒಂದು ಪೂರ್ಣ ಪಾಠವಾಗುವುದೇ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ಒಬ್ಬೊಬ್ಬರಿಗೂ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಡುತ್ತದೆ; ಆಕೆಯ ಒಪ್ಪಿಗೆಯಿದ್ದರೆ ಎರಡು ರಾಜ್ಯಗಳ ಬರಹವನ್ನು ಅದರಿಂದ ಜೋಡಿಸಬಹುದು. ಆ ದಾಖಲೆಯಲ್ಲಿ ವಯಸ್ಸು, ತೂಕ, ಕ್ರಿಯಾಟಿನಿನ್, ಅದನ್ನು ಅಳೆದ ವಿಧಾನ, ಮೂತ್ರದ ಆಲ್ಬುಮಿನ್ ಇವುಗಳ ಜೊತೆಗೆ ಊರು ಎಂಬ ಮನೆಯೊಂದು ಇದ್ದೇ ಇರುತ್ತದೆ. ಅಲ್ಲಿ ಒಂದೇ ಊರಿಗೆ ಜಾಗ ಬಿಟ್ಟರೆ ಸಾಲದು. ಹುಟ್ಟಿದ ಊರು, ರಕ್ತ ಕೊಟ್ಟ ಊರು, ಆ ದಿನದವರೆಗೆ ಕಬ್ಬು ಕಡಿದ ದಿನಗಳ ಸಂಖ್ಯೆ ಇವು ಮೂರಕ್ಕೂ ಪ್ರತ್ಯೇಕ ಮನೆಗಳು ಬೇಕು.